ಫ್ಲುಕೊನಜೋಲ್ ಪೊರೆಯ ಔಷಧ, ಆದರೆ ದಪ್ಪವಾಗುತ್ತಿರುವುದು ಭಿತ್ತಿ: ಯೀಸ್ಟ್ ಚಿತ್ರಗಳನ್ನು ಓದುವುದು ಹೇಗೆ?

ಮೊಗ್ಗುಕೋಶ (ಪ್ರಶ್ನೆ)

ಕ್ಯಾಂಡಿಡಾ ಆಲ್ಬಿಕಾನ್ಸ್‌ನ ಯೀಸ್ಟ್ ರೂಪದ ಮೇಲೆ ಫ್ಲುಕೊನಜೋಲ್, ಆಂಫೊಟೆರಿಸಿನ್ ಬಿ, ಕ್ಯಾಸ್ಪೊಫಂಜಿನ್ ಎಂಬ ಮೂರು ಶಿಲೀಂಧ್ರ ವಿರೋಧಿ ಔಷಧಗಳನ್ನೂ ಹೋಲಿಸಿ ನೋಡುವ ಪ್ರಯೋಗ ಇದು. ಮಾಧ್ಯಮ ವೈಪಿಡಿ (ಯೀಸ್ಟ್ ಬೆಳೆಸುವ ಪೋಷಕ ದ್ರವ), 30 ಡಿಗ್ರಿ ಸೆಲ್ಸಿಯಸ್. ರಾತ್ರಿಯಿಡೀ ಬೆಳೆದ ಕಲ್ಚರನ್ನೇ ತೆಗೆದುಕೊಂಡು ಮಿ.ಲೀ.ಗೆ 1 ಕೋಟಿ ಕೋಶಗಳಂತೆ ಹೊಂದಿಸಿ, ಪ್ರತಿ ಔಷಧವನ್ನೂ ಅದರದರ ಎಂಐಸಿ (ಬೆಳವಣಿಗೆ ತಡೆಯುವ ಕನಿಷ್ಠ) ಪ್ರಮಾಣದಲ್ಲಿ ಹಾಕಿ, 2ನೇ ಗಂಟೆಗೆ ಒಮ್ಮೆ, 24ನೇ ಗಂಟೆಗೆ ಒಮ್ಮೆ ಮಾದರಿ ತೆಗೆಯಲಾಗಿದೆ. ಕ್ಯಾಸ್ಪೊಫಂಜಿನ್‌ಗೆ ಮಾತ್ರ ಮಿ.ಲೀ.ಗೆ 16 ಮೈಕ್ರೋಗ್ರಾಂ ಇರುವ ಇನ್ನೊಂದು ಫ್ಲಾಸ್ಕ್ ಇತ್ತು. ಇಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಗ್ಲುಟರಾಲ್ಡಿಹೈಡ್, ಆಮೇಲೆ ಆಸ್ಮಿಯಂ ಟೆಟ್ರಾಕ್ಸೈಡ್, ಎಪಾಕ್ಸಿ ರಾಳ.

ನಾಲ್ಕು ವಿಷಯ ಅರ್ಥವಾಗುತ್ತಿಲ್ಲ.

ಫ್ಲುಕೊನಜೋಲ್‌ನಲ್ಲಿ 2 ಗಂಟೆಗೆ ಏನೂ ವ್ಯತ್ಯಾಸವಿಲ್ಲ. 24 ಗಂಟೆಗೆ ಕೋಶಗಳು ದೊಡ್ಡದಾಗಿ, ಭಿತ್ತಿ ಅಲ್ಲಲ್ಲಿ ದಪ್ಪವಾಗಿ ಕಾಣುತ್ತದೆ. ಎರ್ಗೊಸ್ಟೆರಾಲ್ (ಶಿಲೀಂಧ್ರದ ಕೋಶಪೊರೆಯ ಮುಖ್ಯ ಸ್ಟೆರಾಲ್) ತಯಾರಿಕೆಯನ್ನು ತಡೆಯುವ ಔಷಧ ಪೊರೆಯ ಹೊರಗಿನ ಭಿತ್ತಿಯನ್ನು ಏಕೆ ದಪ್ಪ ಮಾಡಬೇಕು?

ಕ್ಯಾಸ್ಪೊಫಂಜಿನ್ ಎಂಐಸಿಯಲ್ಲಿ ಗೊಂಚಲುಗಳು, ಒಡೆದ ಕೋಶಗಳು ಇವೆ. 16 ಮೈಕ್ರೋಗ್ರಾಂನಲ್ಲಿ ಅದಕ್ಕಿಂತ ಗಟ್ಟಿಮುಟ್ಟಾದ ಕೋಶಗಳಿವೆ.

ಆಂಫೊಟೆರಿಸಿನ್‌ನಲ್ಲಿ ಕೆಲವು ಕೋಶ ಪೂರ್ತಿ ಖಾಲಿ, ಪಕ್ಕದ್ದು ಮಾಮೂಲಿ. ಪೊರೆ ಹಾಳಾದ ಕೋಶಕ್ಕಷ್ಟೇ ಇಳಿಯುವ ಪ್ರೊಪಿಡಿಯಂ ಅಯೋಡೈಡ್ ಬಣ್ಣ ಹಿಡಿದ ಕೋಶಗಳ ಪ್ರಮಾಣಕ್ಕೂ ತಟ್ಟೆಯಲ್ಲಿ ಬೆಳೆದ ಕಾಲೊನಿಗಳ ಲೆಕ್ಕಕ್ಕೂ ತಾಳೆ ಇಲ್ಲ.

ಕೊನೆಯದು, ಔಷಧವಿಲ್ಲದ ಕೋಶಗಳಲ್ಲೂ ಒಳಭಾಗ ಕಪ್ಪು ಮಬ್ಬು. ಪೊರೆಯ ಗೆರೆ ಸರಿಯಾಗಿ ಕಾಣುವುದಿಲ್ಲ.

ಸ್ಟೆರಾಲ್_ಸಂಗಾತಿ

ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಆದರೆ ಸ್ವಲ್ಪ ಉದ್ದ ಆಗುತ್ತದೆ.

ಔಷಧ ಹೋಗಿ ಅಂಟುವ ಜಾಗ ಒಂದು, ನಿಮ್ಮ ಚಿತ್ರದಲ್ಲಿ ಬದಲಾದ ಜಾಗ ಇನ್ನೊಂದು. 24 ಗಂಟೆಯ ಚಿತ್ರದಲ್ಲಿ ಕಾಣುವುದರ ಬಹುಪಾಲು ಔಷಧ ನೇರವಾಗಿ ಮಾಡಿದ ಹಾನಿಯಲ್ಲ, ಆ ಹಾನಿಗೆ ಕೋಶ ಕೊಟ್ಟ ಉತ್ತರ. ಇವೆರಡನ್ನು ಬೇರ್ಪಡಿಸದೆ ಹೋದರೆ ಫ್ಲುಕೊನಜೋಲ್ ಭಿತ್ತಿಯ ಔಷಧ ಎಂಬ ತೀರ್ಮಾನಕ್ಕೆ ಬಂದುಬಿಡುತ್ತೇವೆ.

ಫ್ಲುಕೊನಜೋಲ್ ಹಿಡಿಯುವುದು ಲ್ಯಾನೊಸ್ಟೆರಾಲ್ 14-ಆಲ್ಫಾ ಡಿಮಿಥೈಲೇಸ್ ಎಂಬ ಕಿಣ್ವವನ್ನು, ಅಂದರೆ ಇಆರ್‌ಜಿ11. ಔಷಧದ ಟ್ರಯಜೋಲ್ ಉಂಗುರದ ಸಾರಜನಕ ಕಿಣ್ವದ ಹೀಮ್ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿಂದಾಚೆ ಹೊಸ ಎರ್ಗೊಸ್ಟೆರಾಲ್ ಬರುವುದಿಲ್ಲ. ಆದರೆ ಪೊರೆಯಲ್ಲಿ ಆಗಲೇ ಇರುವ ಎರ್ಗೊಸ್ಟೆರಾಲನ್ನು ಈ ಔಷಧ ಮುಟ್ಟುವುದೇ ಇಲ್ಲ. ಅದು ಕಡಿಮೆಯಾಗುವುದು ಕೋಶ ವಿಭಜನೆಯಾಗಿ ಹಂಚಿಹೋದಾಗ ಮಾತ್ರ: ಒಂದು ವಿಭಜನೆಗೆ ಅರ್ಧ, ಎರಡಕ್ಕೆ ಕಾಲು, ಮೂರಕ್ಕೆ ಎಂಟನೇ ಒಂದು ಭಾಗ. ವೈಪಿಡಿಯಲ್ಲಿ 30 ಡಿಗ್ರಿಗೆ ಚುರುಕಾಗಿ ಬೆಳೆಯುವ ಕೋಶ ದ್ವಿಗುಣವಾಗಲು ಸುಮಾರು 90 ನಿಮಿಷ ಬೇಕು. ನೀವು ತೆಗೆದುಕೊಂಡದ್ದು ರಾತ್ರಿಯ ಕಲ್ಚರ್, ಅಂದರೆ ಬೆಳವಣಿಗೆ ನಿಂತ ಕೋಶಗಳು. ಅವು ಮತ್ತೆ ಮೊಗ್ಗು ಬಿಡಲು ಶುರು ಮಾಡುವುದಕ್ಕೇ ಸಮಯ ಹಿಡಿಯುತ್ತದೆ. ಹಾಗಾಗಿ 2 ಗಂಟೆಗೆ ಏನೂ ಕಾಣದಿರುವುದೇ ಸರಿ.

ಇನ್ನು ಎರ್ಗೊಸ್ಟೆರಾಲ್ ಜಾಗಕ್ಕೆ ಬರುವುದೇನು ಎಂಬುದು ಮುಖ್ಯ. ದಾರಿ ಕಟ್ಟಿದ ಮೇಲೆ 14ನೇ ಇಂಗಾಲದಲ್ಲಿ ಮಿಥೈಲ್ ಗುಂಪು ಉಳಿದುಕೊಂಡ ಸ್ಟೆರಾಲ್‌ಗಳು ಶೇಖರವಾಗುತ್ತವೆ. ಅವುಗಳಲ್ಲಿ ಕೆಲವನ್ನು ಇಆರ್‌ಜಿ3 ಕಿಣ್ವ ಒಂದು ಡೈಆಲ್ (ಎರಡು ಹೈಡ್ರಾಕ್ಸಿಲ್ ಗುಂಪಿನ ಸ್ಟೆರಾಲ್) ಆಗಿ ಮಾರ್ಪಡಿಸುತ್ತದೆ. ಆ ಡೈಆಲ್ ಪೊರೆಯಲ್ಲಿ ಸರಿಯಾಗಿ ಹೊಂದಿಕೊಳ್ಳುವುದಿಲ್ಲ, ಬೆಳವಣಿಗೆಯನ್ನು ತಡೆಯುತ್ತದೆ. ಇಆರ್‌ಜಿ3 ಕಳೆದುಕೊಂಡ ತಳಿಗಳು ಅಜೋಲ್ (ಫ್ಲುಕೊನಜೋಲ್ ಸೇರಿದ ಔಷಧ ಗುಂಪು) ಇದ್ದರೂ ಬೆಳೆಯುವುದು ಇದೇ ಕಾರಣಕ್ಕೆ. ನಿಮ್ಮ ಹೋಲಿಕೆಯಲ್ಲಿ ಅಂಥ ಒಂದು ತಳಿ ಇದ್ದರೆ, ಯಾವ ಬದಲಾವಣೆ ಎರ್ಗೊಸ್ಟೆರಾಲ್ ಕೊರತೆಯಿಂದ, ಯಾವುದು ಡೈಆಲ್‌ನಿಂದ ಎಂದು ಬೇರ್ಪಡಿಸಬಹುದು.

ಈಗ ಭಿತ್ತಿಗೆ ಬರೋಣ. ಭಿತ್ತಿಯ ಕೈಟಿನ್, ಗ್ಲೂಕನ್ ಎಳೆಗಳನ್ನು ತಯಾರಿಸುವ ಕೈಟಿನ್ ಸಿಂಥೇಸ್, ಗ್ಲೂಕನ್ ಸಿಂಥೇಸ್ ಎರಡೂ ಪೊರೆಯೊಳಗೆ ಕೂತು ಕೆಲಸ ಮಾಡುವ ಕಿಣ್ವಗಳು. ಕೈಟಿನ್ ಸಿಂಥೇಸನ್ನು ಸಣ್ಣ ಕಿರುಚೀಲಗಳು ಮೊಗ್ಗಿನ ಕುತ್ತಿಗೆಗೆ ಹೊತ್ತು ತರುತ್ತವೆ, ಕೆಲಸ ಮುಗಿದ ಮೇಲೆ ಅದನ್ನು ಒಳಕ್ಕೆ ಎಳೆದುಕೊಳ್ಳಲಾಗುತ್ತದೆ. ಸ್ಟೆರಾಲ್ ಬದಲಾದ ಪೊರೆಯಲ್ಲಿ ಈ ಸಾಗಣೆಯ ಲೆಕ್ಕ ತಪ್ಪುತ್ತದೆ. ಕುತ್ತಿಗೆಯಲ್ಲಿ ಉಂಗುರವಾಗಿ ಕೂರಬೇಕಾದ ಕೈಟಿನ್ ಭಿತ್ತಿಯ ಪಕ್ಕಗಳಲ್ಲೂ ತೇಪೆ ತೇಪೆಯಾಗಿ ಬೀಳುತ್ತದೆ. ನಿಮ್ಮ ಚಿತ್ರದಲ್ಲಿ ಅಲ್ಲಲ್ಲಿ ದಪ್ಪ ಎಂದಿರಲ್ಲ, ಆ ಅಸಮಾನತೆಯೇ ಅಜೋಲ್‌ನ ಗುರುತು. ಕೈಟಿನ್‌ಗೆ ಅಂಟಿ ಹೊಳೆಯುವ ಕ್ಯಾಲ್ಕೊಫ್ಲೂರ್ ವೈಟ್ ಬಣ್ಣ ಹಾಕಿದರೆ ಇದು ಇನ್ನೂ ಸ್ಪಷ್ಟ. ಮಾಮೂಲಿ ಕೋಶದಲ್ಲಿ ಮೊಗ್ಗಿನ ಗಾಯದ ಗುರುತುಗಳು ಉಂಗುರಗಳಾಗಿ ಹೊಳೆಯುತ್ತವೆ, ಅಜೋಲ್ ಕೊಟ್ಟದ್ದರಲ್ಲಿ ಇಡೀ ಭಿತ್ತಿ ಏರುಪೇರಾಗಿ ಹೊಳೆಯುತ್ತದೆ. ತೆಳು ಛೇದಗಳಲ್ಲಿ ಪೊರೆಗೂ ಭಿತ್ತಿಗೂ ನಡುವೆ ಸಿಕ್ಕಿಕೊಂಡ ಕಿರುಚೀಲಗಳನ್ನೂ ಹುಡುಕಿ ನೋಡಿ.

ರಸದಾನಿಯ (ವ್ಯಾಕ್ಯುಯೋಲ್) ಕಡೆಗೂ ಗಮನ ಕೊಡಿ. ಅದರ ಪೊರೆಯಲ್ಲಿ ಪ್ರೋಟಾನ್‌ಗಳನ್ನು ಒಳಗೆ ತಳ್ಳುವ ವಿ-ಎಟಿಪಿಏಸ್‌ಗೂ ಎರ್ಗೊಸ್ಟೆರಾಲ್ ಬೇಕು. ಅದು ಕೊರತೆಯಾದರೆ ರಸದಾನಿಯ ಒಳಗಿನ ಆಮ್ಲತೆ ಇಳಿಯುತ್ತದೆ. ಎಫ್ಎಂ4-64 ಬಣ್ಣ ರಸದಾನಿಯ ಪೊರೆಯ ಆಕಾರವನ್ನು ಚೆನ್ನಾಗಿ ತೋರಿಸುತ್ತದೆ.

ಕೋಶಗಳು ದೊಡ್ಡದಾಗಿವೆ ಎಂದಿದ್ದೀರಿ. ಅವುಗಳ ಜೊತೆ ಮೂರು ಹಾಲೆಯ ಕೋಶಗಳಿವೆಯೇ ನೋಡಿ: ತಾಯಿ, ಮರಿ, ಮರಿಯ ಮೊಗ್ಗು ಮೂರೂ ಬೇರ್ಪಡದೆ ಸೇರಿಕೊಂಡಿರುವಂಥವು. ಫ್ಲುಕೊನಜೋಲ್‌ನಲ್ಲಿ ಆಲ್ಬಿಕಾನ್ಸ್ ಹಲವು ಗಂಟೆ ಬೆಳೆದಾಗ ಇವು ಬರುತ್ತವೆ ಎಂದು 2014ರಲ್ಲಿ ಪ್ರಕಟವಾಗಿದೆ. ಮೊಗ್ಗಿನ ಬೆಳವಣಿಗೆಗೂ ಕೋಶಕೇಂದ್ರದ ವಿಭಜನೆಗೂ ಇರುವ ಹೊಂದಾಣಿಕೆ ತಪ್ಪಿ ಒಂದೇ ಕೋಶದಲ್ಲಿ ವರ್ಣತಂತುಗಳ ಎರಡು ಪೂರ್ಣ ಗಣಗಳ ಬದಲು ನಾಲ್ಕು ಉಳಿಯುತ್ತವೆ. ಮುಂದಿನ ವಿಭಜನೆಯಲ್ಲಿ ಅವು ಸಮನಾಗಿ ಹಂಚಿಹೋಗದೆ ಸಂಖ್ಯೆ ಏರುಪೇರಾದ ಸಂತತಿ ಹುಟ್ಟುತ್ತದೆ. ನಿರೋಧಕತೆ ಬೆಳೆಯಲು ಇದೊಂದು ದಾರಿ. 5ನೇ ವರ್ಣತಂತುವಿನ ಎಡತೋಳಿನ ಪ್ರತಿಗಳು ಹೆಚ್ಚಾದರೆ ಅಲ್ಲಿರುವ ಇಆರ್‌ಜಿ11 ಜೀನೂ, ಔಷಧವನ್ನು ಹೊರಗೆಸೆಯುವ ಪಂಪುಗಳನ್ನು ನಿಯಂತ್ರಿಸುವ ಟಿಎಸಿ1 ಜೀನೂ ಒಟ್ಟಿಗೇ ಹೆಚ್ಚುತ್ತವೆ. ಡಿಎನ್‌ಎಗೆ ಅಂಟುವ ಡಿಎಪಿಐ ಬಣ್ಣ ಹಾಕಿ ಕೋಶಕೇಂದ್ರಗಳನ್ನು ಎಣಿಸಿ. ಬರೀ ಗಾತ್ರ ಅಳೆದರೆ ಈ ವಿಷಯ ಕೈತಪ್ಪುತ್ತದೆ.

ಮೈಕ್ರೋಡೈಲ್ಯೂಷನ್

ಮುಂದೆ ಹೋಗುವ ಮೊದಲು ಪ್ರಮಾಣದ ಬಗ್ಗೆ ಒಂದು ಮಾತು. ಮೂರನ್ನೂ ಅದರದರ ಎಂಐಸಿಯಲ್ಲಿ ಹಾಕಿದ್ದರಿಂದ ಮೂರೂ ಸಮಾನ ಎಂದು ತಿಳಿಯಬೇಡಿ.

ಸಿಎಲ್‌ಎಸ್‌ಐ (ಪ್ರಯೋಗಾಲಯ ಪರೀಕ್ಷೆಗಳ ಮಾನದಂಡ ಸಂಸ್ಥೆ) ವಿಧಾನದಲ್ಲಿ ಆಂಫೊಟೆರಿಸಿನ್‌ಗೆ ಬೆಳವಣಿಗೆ ಪೂರ್ತಿ ನಿಂತ ಪ್ರಮಾಣ ಎಂಐಸಿ. ಅಜೋಲ್‌ಗೂ ಎಕೈನೊಕ್ಯಾಂಡಿನ್‌ಗೂ (ಕ್ಯಾಸ್ಪೊಫಂಜಿನ್ ಸೇರಿದ ಗುಂಪು) ಬೆಳವಣಿಗೆ ಸುಮಾರು ಶೇ 50 ಇಳಿದರೆ ಸಾಕು. ಆ ಪರೀಕ್ಷೆ ನಡೆಯುವುದು ಆರ್‌ಪಿಎಂಐ 1640 ಮಾಧ್ಯಮದಲ್ಲಿ, ಎಂಒಪಿಎಸ್ ಬಫರ್‌ನಿಂದ ಪಿಎಚ್ 7.0ಕ್ಕೆ ಹೊಂದಿಸಿ, 35 ಡಿಗ್ರಿಯಲ್ಲಿ, ಮಿ.ಲೀ.ಗೆ 500ರಿಂದ 2,500 ಕೋಶಗಳಿಟ್ಟು. ನೀವು ಹಾಕಿದ್ದು 1 ಕೋಟಿ. ಅಷ್ಟು ಕೋಶಗಳ ನಡುವೆ ಅದೇ ಔಷಧ ಹಂಚಿಹೋದರೆ ಪ್ರತಿ ಕೋಶದ ಪಾಲಿಗೆ ಬರುವುದು ಎಷ್ಟು? ಆಂಫೊಟೆರಿಸಿನ್‌ನಂಥ, ಪೊರೆಗೇ ಅಂಟುವ ಔಷಧದಲ್ಲಿ ಈ ತೊಂದರೆ ಹೆಚ್ಚು.

ಹೀಗೆ ಮಾಡಿ. ರಾತ್ರಿಯ ಕಲ್ಚರನ್ನು ಹೊಸ ಮಾಧ್ಯಮಕ್ಕೆ 600 ನ್ಯಾನೊಮೀಟರ್‌ನಲ್ಲಿ 0.1 ಓಡಿ (ದ್ರವದ ಮಬ್ಬಿನ ಅಳತೆ) ಬರುವಂತೆ ಬೆರೆಸಿ. 0.4ರಿಂದ 0.6ಕ್ಕೆ ಬರುವವರೆಗೆ ಬೆಳೆಸಿ. ಆಮೇಲೆ ಮಿ.ಲೀ.ಗೆ 10 ಲಕ್ಷ ಕೋಶಕ್ಕೆ ಹೊಂದಿಸಿ. ಅದೇ ಮಾಧ್ಯಮ, ಅದೇ ಉಷ್ಣತೆ, ಅದೇ ಕೋಶಸಂಖ್ಯೆಯಲ್ಲಿ ಬೆಳವಣಿಗೆಯ ರೇಖೆ ಎಳೆದು, ಬೆಳವಣಿಗೆಯ ವೇಗವನ್ನು ಅರ್ಧಕ್ಕಿಳಿಸುವ ಪ್ರಮಾಣವನ್ನು ಮೂರಕ್ಕೂ ಕಂಡುಕೊಳ್ಳಿ. ಹೋಲಿಕೆ ಆ ಪ್ರಮಾಣದಲ್ಲಿ ನಡೆಯಲಿ. ಪೂರ್ತಿ ಕೊಲ್ಲುವ ಪ್ರಮಾಣ ಬೇಕಿದ್ದರೆ ಅದನ್ನು ಪ್ರತ್ಯೇಕ ಸಾಲಾಗಿ ಇಡಿ.

ಆರ್‌ಪಿಎಂಐನಲ್ಲಿ 37 ಡಿಗ್ರಿಗೆ ಇಟ್ಟರೆ ಆಲ್ಬಿಕಾನ್ಸ್ ಎಳೆರೂಪಕ್ಕೆ ತಿರುಗುತ್ತದೆ. ಆಗ ನೀವು ಯೀಸ್ಟ್‌ಗೂ ಎಳೆಗೂ ಇರುವ ವ್ಯತ್ಯಾಸವನ್ನೇ ಔಷಧದ ಪರಿಣಾಮ ಎಂದು ಬರೆಯುವ ಅಪಾಯವಿದೆ. ವೈಪಿಡಿ ಮತ್ತು 30 ಡಿಗ್ರಿ ನಿಮ್ಮ ಉದ್ದೇಶಕ್ಕೆ ಸರಿಯಾಗಿದೆ, ಬದಲಾಯಿಸಬೇಡಿ.

ಔಷಧ ಕರಗಿಸುವ ಡಿಎಂಎಸ್‌ಒ ದ್ರಾವಕದ ಕೊನೆಯ ಪ್ರಮಾಣ ಶೇ 1 ದಾಟಬಾರದು, ಔಷಧವಿಲ್ಲದ ಫ್ಲಾಸ್ಕ್‌ಗೂ ಅಷ್ಟೇ ಡಿಎಂಎಸ್‌ಒ ಹೋಗಬೇಕು. ಕ್ಯಾಸ್ಪೊಫಂಜಿನ್ ನೀರಿನಲ್ಲೇ ಕರಗುತ್ತದೆ. ಆಂಫೊಟೆರಿಸಿನ್ ಬೆಳಕಿಗೆ ಕೆಡುತ್ತದೆ, ಫ್ಲಾಸ್ಕ್‌ಗೆ ಫಾಯಿಲ್ ಸುತ್ತಿಡಿ.

ಸಮಯದ ಬಗ್ಗೆ: ಆಂಫೊಟೆರಿಸಿನ್‌ಗೆ 15, 30, 60 ನಿಮಿಷ. ಕ್ಯಾಸ್ಪೊಫಂಜಿನ್‌ಗೆ 1, 2, 4 ಗಂಟೆ. ಫ್ಲುಕೊನಜೋಲ್‌ಗೆ 4, 8, 12 ಗಂಟೆ. ಮೂರಕ್ಕೂ 24 ಗಂಟೆಯದೊಂದು ಇರಲಿ, ಆದರೆ ಅದೊಂದನ್ನೇ ನಂಬಬೇಡಿ.

ಗ್ಲೂಕನ್_ಗಡಿ

ಕ್ಯಾಸ್ಪೊಫಂಜಿನ್ ಹೆಚ್ಚಾದಾಗ ಕೋಶ ಚೇತರಿಸಿಕೊಳ್ಳುವುದಕ್ಕೆ ವಿರೋಧಾಭಾಸದ ಬೆಳವಣಿಗೆ ಎನ್ನುತ್ತಾರೆ. ಆಲ್ಬಿಕಾನ್ಸ್‌ನಲ್ಲಿ ಇದು ಚೆನ್ನಾಗಿ ದಾಖಲಾಗಿದೆ. ನಿಮ್ಮ 16 ಮೈಕ್ರೋಗ್ರಾಂ ಫ್ಲಾಸ್ಕ್ ಆ ವ್ಯಾಪ್ತಿಯಲ್ಲೇ ಬರುತ್ತದೆ.

ಮೊದಲು ಭಿತ್ತಿಯ ಕಟ್ಟಡ. ಪೊರೆಗೆ ಅಂಟಿಕೊಂಡ ಒಳಪದರದಲ್ಲಿ ಕೈಟಿನ್ ಮತ್ತು ಬೀಟಾ-1,3 ಗ್ಲೂಕನ್, ಹೊರಗಡೆ ಮ್ಯಾನ್ನೊಪ್ರೋಟೀನ್‌ಗಳ ನಾರುಪದರ, ಎರಡನ್ನೂ ಬೆಸೆಯುವುದು ಬೀಟಾ-1,6 ಗ್ಲೂಕನ್. ಯೀಸ್ಟ್ ರೂಪದಲ್ಲಿ ಒಣತೂಕದ ಅರ್ಧಕ್ಕಿಂತ ಹೆಚ್ಚು ಗ್ಲೂಕನ್‌ಗಳೇ, ಕೈಟಿನ್ ಬರೀ ಶೇ 1ರಿಂದ 3ರಷ್ಟು. ಕಡಿಮೆ ಇದ್ದರೂ ಕೈಟಿನ್ ಬಹಳ ಗಡುಸು, ಹಾಗಾಗಿ ಅದು ಸ್ವಲ್ಪ ಏರಿದರೂ ಭಿತ್ತಿಯ ಬಲ ಬದಲಾಗುತ್ತದೆ.

ಎಕೈನೊಕ್ಯಾಂಡಿನ್‌ಗಳು ಎಫ್‌ಕೆಎಸ್1 ಉಪಘಟಕವಿರುವ ಗ್ಲೂಕನ್ ಸಿಂಥೇಸನ್ನು ತಡೆಯುತ್ತವೆ. ಹಳೆಯ ಗ್ಲೂಕನ್ ಕರಗಿಹೋಗುವುದಿಲ್ಲ, ಹೊಸದು ಸೇರುವುದಿಲ್ಲ ಅಷ್ಟೇ. ಹೊಸ ಗ್ಲೂಕನ್ ಬೇಕಿರುವುದು ಮೊಗ್ಗಿನ ತುದಿಯಲ್ಲಿ ಮತ್ತು ತಾಯಿ-ಮರಿ ನಡುವಿನ ಅಡ್ಡಗೋಡೆಯಲ್ಲಿ. ಕೋಶ ಒಡೆಯುವುದೂ ಅಲ್ಲೇ. ಬೆಳೆಯದೆ ಕೂತ ಕೋಶಕ್ಕೆ ಏನೂ ಆಗದಿರಬಹುದು, ರಾತ್ರಿಯ ಕಲ್ಚರ್ ಬೇಡ ಎನ್ನಲು ಇದು ಇನ್ನೊಂದು ಕಾರಣ. ಅಡ್ಡಗೋಡೆ ಸರಿಯಾಗಿ ಮುಗಿಯದೆ ಮರಿಗಳು ಬೇರ್ಪಡದೇ ಇದ್ದಾಗ ನಿಮಗೆ ಗೊಂಚಲು ಕಾಣುತ್ತದೆ. ಅದು ನಿಜವಾದ ಗೊಂಚಲೋ ಅಥವಾ ಅಂಟಿಕೊಂಡ ಕೋಶಗಳ ಗುಂಪೋ ತಿಳಿಯಲು 10 ಮಿಲಿಮೋಲಾರ್ ಇಡಿಟಿಎ ಹಾಕಿ, ಸ್ವಲ್ಪ ಹೊತ್ತು ಸಾನಿಕೇಟರ್ ತೊಟ್ಟಿಯಲ್ಲಿಟ್ಟು ನೋಡಿ. ಅಂಟಿದ್ದರೆ ಬಿಡಿಸಿಕೊಳ್ಳುತ್ತವೆ, ಅಡ್ಡಗೋಡೆಯಲ್ಲಿ ಸೇರಿಕೊಂಡಿದ್ದರೆ ಬಿಡುವುದಿಲ್ಲ.

ಭಿತ್ತಿ ಸಡಿಲಾದದ್ದನ್ನು ಪೊರೆಯ ಸಂವೇದಕಗಳು ಗ್ರಹಿಸಿ ಪಿಕೆಸಿ, ಎಚ್‌ಒಜಿ, ಕ್ಯಾಲ್ಸಿನ್ಯೂರಿನ್ ಎಂಬ ಮೂರು ಸಂದೇಶ ಮಾರ್ಗಗಳನ್ನು ಎಬ್ಬಿಸುತ್ತವೆ. ಕೈಟಿನ್ ಸಿಂಥೇಸ್ ಜೀನ್‌ಗಳು ಚುರುಕಾಗಿ ಕೈಟಿನ್ ಏರುತ್ತದೆ. ಬದುಕುಳಿದ ಕೋಶ ಗ್ಲೂಕನ್ ಕಡಿಮೆ, ಕೈಟಿನ್ ಹೆಚ್ಚು ಇರುವ ಬೇರೆಯೇ ಭಿತ್ತಿಯೊಳಗೆ ಬದುಕುತ್ತಿರುತ್ತದೆ. ಹೆಚ್ಚಿನ ಪ್ರಮಾಣದಲ್ಲಿ ಈ ಪ್ರತಿಕ್ರಿಯೆ ಇನ್ನೂ ಜೋರು. ಇದನ್ನು ಮೂರು ರೀತಿಯಲ್ಲಿ ಪರೀಕ್ಷಿಸಬಹುದು.

ಒಂದು, ನಿಕೊಮೈಸಿನ್ ಝಡ್‌ನಿಂದ ಕೈಟಿನ್ ತಯಾರಿಕೆ ತಡೆಯಿರಿ ಅಥವಾ ಸೈಕ್ಲೋಸ್ಪೋರಿನ್ ಎ ಹಾಕಿ ಕ್ಯಾಲ್ಸಿನ್ಯೂರಿನ್ ಮುಚ್ಚಿಸಿ. 16 ಮೈಕ್ರೋಗ್ರಾಂನ ಬೆಳವಣಿಗೆ ಬಿದ್ದುಹೋಗಬೇಕು. ಇನ್ನೊಂದು, ಆ ಫ್ಲಾಸ್ಕ್‌ನ ಕೋಶಗಳನ್ನು ಔಷಧವಿಲ್ಲದ ತಟ್ಟೆಯಲ್ಲಿ ಬೆಳೆಸಿ ಮತ್ತೆ ಎಂಐಸಿ ಮಾಡಿ. ಮೊದಲಿನಷ್ಟೇ ಬಂದರೆ ಅದು ತಾತ್ಕಾಲಿಕ ಹೊಂದಾಣಿಕೆ. ಏರಿದ್ದರೆ ಎಫ್‌ಕೆಎಸ್1 ಅನುಕ್ರಮ ಓದಿಸಿ, ಆಲ್ಬಿಕಾನ್ಸ್‌ನಲ್ಲಿ 641ನೇ ಸ್ಥಾನದ ಫಿನೈಲ್‌ಅಲನೀನ್ ಮತ್ತು 645ನೇ ಸ್ಥಾನದ ಸೆರೀನನ್ನು ಮೊದಲು ನೋಡಿ. ಮೂರನೆಯದು ತಲೆಕೆಳಗಾದ ಪ್ರಯೋಗ: 0.2 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಮಿ.ಲೀ.ಗೆ 100 ಮೈಕ್ರೋಗ್ರಾಂ ಕ್ಯಾಲ್ಕೊಫ್ಲೂರ್‌ನಲ್ಲಿ ಮೊದಲೇ ಬೆಳೆಸಿದ ಕೋಶಗಳಲ್ಲಿ ಕೈಟಿನ್ ಏರಿರುತ್ತದೆ. ಆಮೇಲೆ ಕ್ಯಾಸ್ಪೊಫಂಜಿನ್ ಕೊಟ್ಟರೆ ಅವು ಹೆಚ್ಚು ತಾಳಿಕೊಳ್ಳುತ್ತವೆ.

ಕ್ಯಾಲ್ಕೊಫ್ಲೂರ್ ತಾನೇ ಭಿತ್ತಿಗೆ ಒತ್ತಡ ಕೊಡುತ್ತದೆ ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಅದಕ್ಕೇ ಚಿತ್ರಕ್ಕೆ ಬಳಸುವಾಗ ಅದನ್ನು ಮಾಧ್ಯಮಕ್ಕೆ ಹಾಕಬೇಡಿ. ಶೇ 4 ಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸಿ, ತೊಳೆದು, ಮಿ.ಲೀ.ಗೆ 10ರಿಂದ 25 ಮೈಕ್ರೋಗ್ರಾಂ ಹಾಕಿ 5ರಿಂದ 10 ನಿಮಿಷ ಬಿಟ್ಟು ತೊಳೆಯಿರಿ. ಆಮ್ಲೀಯ ದ್ರಾವಣದಲ್ಲಿ ಹರಳುಗಟ್ಟುತ್ತದೆ. ಕ್ಯಾಮೆರಾದ ಎಕ್ಸ್‌ಪೋಷರ್ ಅನ್ನು ಅತಿ ಹೆಚ್ಚು ಹೊಳೆಯುವ ಮಾದರಿಗೆ ಹೊಂದಿಸಿ, ಉಳಿದೆಲ್ಲಕ್ಕೂ ಅದನ್ನೇ ಇಟ್ಟುಕೊಳ್ಳಿ. ಔಷಧವಿಲ್ಲದ ಕೋಶಕ್ಕೆ ಹೊಂದಿಸಿದರೆ ಕ್ಯಾಸ್ಪೊಫಂಜಿನ್ ಚಿತ್ರ ಬಿಳಿಯಾಗಿ ತುಂಬಿಹೋಗುತ್ತದೆ, ಅಳೆಯಲು ಏನೂ ಉಳಿಯುವುದಿಲ್ಲ.

ಭಿತ್ತಿಯ ಹಾನಿಯೋ ಅಲ್ಲವೋ ಎಂದು ಸರಳವಾಗಿ ತಿಳಿಯಲು 0.8 ಮೋಲಾರ್ ಸಾರ್ಬಿಟಾಲ್ ಪರೀಕ್ಷೆ ಮಾಡಿ. ಹೊರಗಿನ ದ್ರಾವಣದ ಸಾಂದ್ರತೆ ಏರಿಸಿದರೆ ಒಳಗಿನ ಒತ್ತಡಕ್ಕೆ ಕೋಶ ಸಿಡಿಯುವುದು ತಪ್ಪುತ್ತದೆ, ಆಗ ಭಿತ್ತಿಗೆ ಹೊಡೆಯುವ ಔಷಧದ ಎಂಐಸಿ ಏರುತ್ತದೆ. ಫ್ಲುಕೊನಜೋಲ್‌ಗೆ ಏರದಿದ್ದರೆ ಮೇಲೆ ಹೇಳಿದ ದಪ್ಪ ಭಿತ್ತಿ ಪ್ರತಿಕ್ರಿಯೆಯೇ ಹೊರತು ಗುರಿಯಲ್ಲ ಎನ್ನಲು ನಿಮ್ಮ ಕೈಯಲ್ಲಿ ಆಧಾರ ಇರುತ್ತದೆ.

ಮೊಗ್ಗುಕೋಶ

ಮೂವರ ಉತ್ತರದಿಂದಲೂ ಸಮಯದ ವಿಷಯ ಸ್ಪಷ್ಟವಾಯಿತು. ಆಂಫೊಟೆರಿಸಿನ್ ಬಗ್ಗೆ ಯಾರಾದರೂ ಹೇಳುವಿರಾ? ಪೊರೆಯ ಸ್ಟೆರಾಲ್ ತೋರಿಸಲು ಫಿಲಿಪಿನ್ ಬಳಸುವ ಯೋಚನೆಯೂ ಇದೆ. ಫ್ಲುಕೊನಜೋಲ್ ಕೊಟ್ಟ ಕೋಶಗಳಲ್ಲಿ ಅದರ ಹೊಳಪು ನಿರೀಕ್ಷಿಸಿದಷ್ಟು ಇಳಿದಿಲ್ಲ.

ಸ್ಟೆರಾಲ್_ಸಂಗಾತಿ

ಫಿಲಿಪಿನ್ ಎರ್ಗೊಸ್ಟೆರಾಲ್‌ಗೆ ಮಾತ್ರ ಅಂಟುವುದಲ್ಲ. 3ನೇ ಇಂಗಾಲದಲ್ಲಿ ಬೀಟಾ ಹೈಡ್ರಾಕ್ಸಿಲ್ ಇರುವ ಸ್ಟೆರಾಲ್‌ಗಳನ್ನು ಹಿಡಿಯುತ್ತದೆ. ಫ್ಲುಕೊನಜೋಲ್ ಕೊಟ್ಟಾಗ ಶೇಖರವಾಗುವ ಮಿಥೈಲ್ ಸ್ಟೆರಾಲ್‌ಗಳಲ್ಲೂ ಅದು ಇದೆ. ಹಾಗಾಗಿ ಹೊಳಪು ಇಳಿಯದಿದ್ದರೆ ಔಷಧ ಕೆಲಸ ಮಾಡಿಲ್ಲ ಎಂದರ್ಥವಲ್ಲ. ಫಿಲಿಪಿನ್ ಸ್ಟೆರಾಲ್ ಎಲ್ಲಿದೆ ಎಂಬುದಕ್ಕೆ ಸರಿ, ಎಷ್ಟಿದೆ ಎಂಬುದಕ್ಕೆ ಬೇಡ. ಅದೂ ಆಂಫೊಟೆರಿಸಿನ್‌ನಂತೆ ಪಾಲಿಯೀನ್ ಜಾತಿಯದೇ, ಪೊರೆಯನ್ನು ತಾನೇ ಕದಡುತ್ತದೆ. ಬೆಳಕಿಗೆ ಬೇಗ ಮಾಸುತ್ತದೆ. ಮಿ.ಲೀ.ಗೆ 5ರಿಂದ 10 ಮೈಕ್ರೋಗ್ರಾಂ ಹಾಕಿ ಕೆಲವೇ ನಿಮಿಷಗಳಲ್ಲಿ ಚಿತ್ರ ತೆಗೆದು ಮುಗಿಸಬೇಕು.

ಪ್ರಮಾಣ ಬೇಕಿದ್ದರೆ ಸ್ಟೆರಾಲ್ ಹೊರತೆಗೆದು ಅಳೆಯಿರಿ. ಕೋಶಗಳನ್ನು ತೊಳೆದು ಒದ್ದೆ ಉಂಡೆಯ ತೂಕ ಬರೆದಿಡಿ. 25 ಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನು 36 ಮಿ.ಲೀ. ನೀರಿನಲ್ಲಿ ಕರಗಿಸಿ ಎಥನಾಲ್ ಸೇರಿಸಿ 100 ಮಿ.ಲೀ. ಮಾಡಿ. ಇದನ್ನು ಪ್ರತಿ ಉಂಡೆಗೆ 3 ಮಿ.ಲೀ. ಹಾಕಿ, ಒಂದು ನಿಮಿಷ ವೋರ್ಟೆಕ್ಸ್ ಮಾಡಿ, 85 ಡಿಗ್ರಿ ನೀರಿನಲ್ಲಿ ಒಂದು ಗಂಟೆ ಇಡಿ. ಆರಿದ ಮೇಲೆ 1 ಮಿ.ಲೀ. ನೀರು, 3 ಮಿ.ಲೀ. ಎನ್-ಹೆಪ್ಟೇನ್ ಹಾಕಿ 3 ನಿಮಿಷ ಜೋರಾಗಿ ವೋರ್ಟೆಕ್ಸ್ ಮಾಡಿ. ಮೇಲಿನ ಹೆಪ್ಟೇನ್ ಪದರವನ್ನು ಎಥನಾಲ್‌ನಲ್ಲಿ ಐದು ಪಟ್ಟು ತೆಳುಗೊಳಿಸಿ 230ರಿಂದ 300 ನ್ಯಾನೊಮೀಟರ್ ವರೆಗೆ ಸ್ಕ್ಯಾನ್ ಮಾಡಿ. ಔಷಧವಿಲ್ಲದ ಮಾದರಿಯಲ್ಲಿ ನಾಲ್ಕು ಶಿಖರಗಳ ರೇಖೆ ಬರುತ್ತದೆ, ಫ್ಲುಕೊನಜೋಲ್ ಹೆಚ್ಚಿದಂತೆ ಅದು ಚಪ್ಪಟೆಯಾಗುತ್ತದೆ.

281.5ರಲ್ಲಿ ಎರ್ಗೊಸ್ಟೆರಾಲ್ ಜೊತೆ ಅದರ ಹಿಂದಿನ ಹಂತದ 24(28) ಡಿಹೈಡ್ರೊಎರ್ಗೊಸ್ಟೆರಾಲ್ ಕೂಡ ಬೆಳಕು ಹೀರುತ್ತದೆ, 230ರಲ್ಲಿ ಅದೊಂದೇ. ಆದ್ದರಿಂದ 281.5ರ ಓದನ್ನು 290ರಿಂದ ಭಾಗಿಸಿ, ತೆಳುಗೊಳಿಸಿದ ಪಟ್ಟಿನಿಂದ ಗುಣಿಸಿ, ಉಂಡೆಯ ತೂಕದಿಂದ ಭಾಗಿಸಿದರೆ ಎರಡರ ಮೊತ್ತ ಶೇಕಡಾದಲ್ಲಿ ಬರುತ್ತದೆ. 230ರ ಓದಿಗೆ 290 ಬದಲು 518 ಇಟ್ಟು ಅದೇ ಲೆಕ್ಕ ಮಾಡಿ, ಮೊತ್ತದಿಂದ ಕಳೆಯಿರಿ. ಉಳಿದದ್ದು ಎರ್ಗೊಸ್ಟೆರಾಲ್. ಮಿಥೈಲ್ ಸ್ಟೆರಾಲ್‌ಗಳು ಈ ವಿಧಾನದಲ್ಲಿ ಕಾಣುವುದಿಲ್ಲ, ಅವಕ್ಕೆ ಗ್ಯಾಸ್ ಕ್ರೊಮ್ಯಾಟೊಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೋಮೆಟ್ರಿ ಬೇಕು.

ಕ್ಯಾಂಡಿಡಾ ಗ್ಲಾಬ್ರಾಟಾ ಎಂಬ ಇನ್ನೊಂದು ಯೀಸ್ಟನ್ನು ಸೇರಿಸುವ ಯೋಚನೆ ಇದ್ದರೆ ಮಾಧ್ಯಮದಲ್ಲಿ ಸೀರಂ ಬೇಡ. ಆ ಯೀಸ್ಟ್ ಹೊರಗಿನ ಕೊಲೆಸ್ಟೆರಾಲನ್ನು ಒಳಗೆಳೆದುಕೊಂಡು ಅಜೋಲ್‌ನ ಏಟು ತಪ್ಪಿಸಿಕೊಳ್ಳಬಲ್ಲದು.

ಆಂಫೊಟೆರಿಸಿನ್ ವಿಷಯಕ್ಕೆ ಬಂದರೆ, ಅದಕ್ಕೆ ಪೊರೆಯಲ್ಲಿ ಆಗಲೇ ಇರುವ ಎರ್ಗೊಸ್ಟೆರಾಲೇ ಗುರಿ, ವಿಭಜನೆಗೆ ಕಾಯುವುದಿಲ್ಲ. ಹಳೆಯ ವಿವರಣೆಯಲ್ಲಿ ಅದರ ಅಣುಗಳು ಎರ್ಗೊಸ್ಟೆರಾಲ್ ಜೊತೆ ಸೇರಿ ಪೊರೆಯಲ್ಲಿ ರಂಧ್ರ ಮಾಡುತ್ತವೆ, ಪೊಟ್ಯಾಸಿಯಂ ಸೋರುತ್ತದೆ. 2014ರಲ್ಲಿ ಬಂದ ಇನ್ನೊಂದು ವಿವರಣೆ ಪ್ರಕಾರ ಔಷಧದ ಅಣುಗಳು ಪೊರೆಯ ಹೊರಗೆ ಗುಡ್ಡೆಯಾಗಿ ಕೂತು ಎರ್ಗೊಸ್ಟೆರಾಲನ್ನು ಸ್ಪಂಜಿನಂತೆ ಹೀರಿ ತೆಗೆಯುತ್ತವೆ. ರಂಧ್ರವೂ ನಿಜ, ಆದರೆ ಕೊಲ್ಲಲು ಸ್ಟೆರಾಲ್ ಕಸಿದುಕೊಳ್ಳುವುದೇ ಸಾಕು ಎನ್ನುವುದು ಆ ವಾದ. ಚಿತ್ರದ ಮಟ್ಟಿಗೆ ಎರಡರಲ್ಲೂ ಕೊನೆಗೆ ಕಾಣುವುದು ಒಂದೇ: ಭಿತ್ತಿಯಿಂದ ಕಳಚಿ ಸುಕ್ಕಾದ ಪೊರೆ, ಸಾಂದ್ರತೆ ಕಳೆದುಕೊಂಡ ಕೋಶದ್ರವ್ಯ, ಕೊನೆಗೆ ಬರೀ ಭಿತ್ತಿಯ ಚಿಪ್ಪು. ಭಿತ್ತಿ ಮಾತ್ರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಕ್ಯಾಸ್ಪೊಫಂಜಿನ್‌ನ ಖಾಲಿ ಕೋಶಕ್ಕೂ ಇದಕ್ಕೂ ವ್ಯತ್ಯಾಸ ಅಲ್ಲೇ: ಅದರಲ್ಲಿ ಭಿತ್ತಿ ಹರಿದಿರುತ್ತದೆ.

ಪ್ರೊಪಿಡಿಯಂ ಅಯೋಡೈಡ್ ಲೆಕ್ಕ ತಾಳೆಯಾಗದಿರುವುದಕ್ಕೆ ಕಾರಣ ಗಾತ್ರ. ಆ ರಂಧ್ರಗಳಲ್ಲಿ ಪೊಟ್ಯಾಸಿಯಂ ನುಸುಳುತ್ತದೆ, ಆದರೆ 668 ಡಾಲ್ಟನ್‌ನ ಬಣ್ಣದ ಅಣು ನುಸುಳುವುದಿಲ್ಲ. ಪೊರೆ ಪೂರ್ತಿ ಹಾಳಾದ ಮೇಲಷ್ಟೇ ಅದು ಒಳಗೆ ಬರುತ್ತದೆ. ಅಷ್ಟರಲ್ಲಿ ಮೊಗ್ಗು ಬಿಡುವ ಶಕ್ತಿ ಕಳೆದುಕೊಂಡ ಕೋಶಗಳು ತಟ್ಟೆಯಲ್ಲಿ ಬೆಳೆಯುವುದಿಲ್ಲ, ಬಣ್ಣವೂ ಹಿಡಿಯುವುದಿಲ್ಲ. ಕಾಲೊನಿ ಲೆಕ್ಕವನ್ನೇ ಸಾವಿನ ಅಳತೆಯಾಗಿ ಇಟ್ಟುಕೊಳ್ಳಿ. ತಟ್ಟೆಗೆ ಹಾಕುವ ಮುನ್ನ ಕೋಶಗಳನ್ನು ತೊಳೆಯಿರಿ, ಔಷಧ ಜೊತೆಗೇ ಹೋದರೆ ಲೆಕ್ಕ ಇನ್ನಷ್ಟು ಕೆಡುತ್ತದೆ.

ಫ್ಲುಕೊನಜೋಲ್ ಕೊಟ್ಟ ಕೋಶಕ್ಕೆ ಆಮೇಲೆ ಆಂಫೊಟೆರಿಸಿನ್ ಕೊಟ್ಟು ಹೋಲಿಸುವುದಿದ್ದರೆ ನೆನಪಿಡಿ, ಗುರಿಯಾದ ಎರ್ಗೊಸ್ಟೆರಾಲೇ ಕಡಿಮೆಯಾಗಿರುವುದರಿಂದ ಆಂಫೊಟೆರಿಸಿನ್‌ನ ಪರಿಣಾಮ ತಗ್ಗಬಹುದು.

ತೆಳುಛೇದ

ಕೊನೆಯ ಪ್ರಶ್ನೆ ನನ್ನ ಪಾಲಿಗೆ. ಒಳಗೆ ಮಬ್ಬು, ಪೊರೆ ಕಾಣದು ಎಂದರೆ ಆಸ್ಮಿಯಂ ಒಳಕ್ಕೆ ಸರಿಯಾಗಿ ಹೋಗಿಲ್ಲ, ರಾಳವೂ ಇಳಿದಿಲ್ಲ. ಯೀಸ್ಟ್ ಭಿತ್ತಿ ಎರಡಕ್ಕೂ ಅಡ್ಡಿ. ಇಲ್ಲಿ ಇನ್ನೊಂದು ಗಂಭೀರ ಸಂಗತಿ ಇದೆ: ಔಷಧ ಕೊಟ್ಟು ಭಿತ್ತಿ ಸಡಿಲಾದ ಕೋಶಕ್ಕೆ ಆಸ್ಮಿಯಂ ಚೆನ್ನಾಗಿ ಇಳಿಯುತ್ತದೆ, ಔಷಧವಿಲ್ಲದ್ದಕ್ಕೆ ಇಳಿಯುವುದಿಲ್ಲ. ಆಗ ಔಷಧ ಕೊಟ್ಟ ಕೋಶದಲ್ಲಿ ಮಾತ್ರ ಪೊರೆಗಳು ಎದ್ದು ಕಂಡು, ಪೊರೆಗಳು ಹೆಚ್ಚಾಗಿವೆ ಎಂಬ ತಪ್ಪು ಓದಿಗೆ ದಾರಿಯಾಗುತ್ತದೆ. ಮೊದಲು ಔಷಧವಿಲ್ಲದ ಮಾದರಿ ಸರಿಬರಬೇಕು.

ಕೋಶಗಳನ್ನು ಜೋರಾಗಿ ಸೆಂಟ್ರಿಫ್ಯೂಜ್ ಮಾಡುವ ಮುನ್ನವೇ ಮಾಧ್ಯಮಕ್ಕೆ ಗ್ಲುಟರಾಲ್ಡಿಹೈಡ್ ಹಾಕಿ, ಕ್ಯಾಸ್ಪೊಫಂಜಿನ್ ಕೊಟ್ಟ ಕೋಶಗಳು ಸೆಂಟ್ರಿಫ್ಯೂಜ್‌ನಲ್ಲೇ ಒಡೆಯಬಹುದು. ಆಮೇಲೆ 0.1 ಮೋಲಾರ್ ಕ್ಯಾಕೊಡೈಲೇಟ್ ಬಫರ್‌ನಲ್ಲಿ, ಪಿಎಚ್ 7.2, ಶೇ 2.5 ಗ್ಲುಟರಾಲ್ಡಿಹೈಡ್, 4 ಡಿಗ್ರಿಯಲ್ಲಿ ರಾತ್ರಿಯಿಡೀ. ತೊಳೆದು ಶೇ 2 ಕಡಿಮೆ ಉಷ್ಣತೆಗೆ ಕರಗುವ ಅಗರೋಸ್‌ನಲ್ಲಿ ಹುದುಗಿಸಿ ಒಂದು ಮಿಲಿಮೀಟರ್ ಚೂರುಗಳಾಗಿ ಕತ್ತರಿಸಿ. ಆಸ್ಮಿಯಂ ಒಂದನ್ನೇ ಬಳಸುವ ಬದಲು ಶೇ 1 ಆಸ್ಮಿಯಂಗೆ ಶೇ 1.5 ಪೊಟ್ಯಾಸಿಯಂ ಫೆರೊಸಯನೈಡ್ ಬೆರೆಸಿ ಒಂದು ಗಂಟೆ ಇಡಿ, ಪೊರೆಗಳು ಚೆನ್ನಾಗಿ ಬಣ್ಣ ಹಿಡಿಯುತ್ತವೆ.

ಅದೂ ಸಾಲದಿದ್ದರೆ ಆಸ್ಮಿಯಂಗೆ ಮೊದಲು ಶೇ 1 ಸೋಡಿಯಂ ಮೆಟಾಪೀರಿಯೋಡೇಟ್‌ನಲ್ಲಿ 15 ನಿಮಿಷ ಇಡುವ ರೂಢಿ ಇದೆ. ನಿಮ್ಮ ಪ್ರಶ್ನೆ ಭಿತ್ತಿಯ ಬಗ್ಗೆಯೂ ಇರುವುದರಿಂದ ಎಚ್ಚರ: ಪೀರಿಯೋಡೇಟ್ ಪಕ್ಕಪಕ್ಕದ ಹೈಡ್ರಾಕ್ಸಿಲ್‌ಗಳನ್ನು ಹಿಡಿದು ಸಕ್ಕರೆಯ ಉಂಗುರ ಸೀಳುತ್ತದೆ. ಹೊರಪದರದ ಮ್ಯಾನನ್‌ನಲ್ಲಿ ಅವು ಸಿಗುತ್ತವೆ, ಒಳಗಿನ ಬೀಟಾ-1,3 ಗ್ಲೂಕನ್‌ ಸರಪಳಿಯಲ್ಲಿ ಇಲ್ಲ. ಹಾಗಾಗಿ ನಾರುಪದರದ ಉದ್ದ ಅಳೆಯುವ ಮಾದರಿಗೆ ಅದನ್ನು ಬಳಸಬೇಡಿ. ಝೈಮೊಲಯೇಸ್ ಕಿಣ್ವ ಅಂತೂ ಬೇಡವೇ ಬೇಡ, ಅದು ಭಿತ್ತಿಯನ್ನೇ ತಿನ್ನುತ್ತದೆ. ಪೊಟ್ಯಾಸಿಯಂ ಪರ್ಮಾಂಗನೇಟ್ ಪೊರೆಗಳನ್ನು ಸೊಗಸಾಗಿ ತೋರಿಸುತ್ತದೆ, ಆದರೆ ರೈಬೊಸೋಮ್‌ಗಳು ಮಾಯವಾಗುತ್ತವೆ. ಪರ್ಮಾಂಗನೇಟ್ ಚಿತ್ರ ನೋಡಿ ಕೋಶದ್ರವ್ಯ ಖಾಲಿಯಾಗಿದೆ ಎಂದು ಬರೆಯಬಾರದು. ಸೌಲಭ್ಯವಿದ್ದರೆ ಅಧಿಕ ಒತ್ತಡದಲ್ಲಿ ಹೆಪ್ಪುಗಟ್ಟಿಸಿ ಶೀತಲ ಬದಲಿಕೆ (ಕೋಶದ ಮಂಜುಗಡ್ಡೆಯ ಜಾಗಕ್ಕೆ ಶೀತದಲ್ಲೇ ದ್ರಾವಕ ತುಂಬುವುದು) ಮಾಡುವುದು ಎಲ್ಲಕ್ಕಿಂತ ಮೇಲು, ಹೊರಗಿನ ನಾರುಪದರ ನಿಂತ ಹಾಗೇ ಉಳಿಯುವುದು ಅದರಲ್ಲಿ.

ರಾಳಕ್ಕೆ ಸ್ಪರ್ ಬಳಸಿ, ಸಾಮಾನ್ಯ ಎಪಾಕ್ಸಿಗಿಂತ ತೆಳು. ಶೇ 25, 50, 75, ಆಮೇಲೆ ಶುದ್ಧ ರಾಳ, ಒಟ್ಟು ಎರಡು ದಿನ ತೆಗೆದುಕೊಳ್ಳಿ. 60 ಡಿಗ್ರಿಯಲ್ಲಿ 48 ಗಂಟೆ ಗಟ್ಟಿಗೊಳಿಸಿ. ಅದರ ಘಟಕಗಳು ವಿಷಕಾರಿ, ಫ್ಯೂಮ್ ಹುಡ್ ಒಳಗೇ ಕೆಲಸ ಮಾಡಿ. ಛೇದದಲ್ಲಿ ಕೋಶದ ಜಾಗ ತೂತಾಗಿ ಉದುರುತ್ತಿದ್ದರೆ ರಾಳ ಇಳಿದಿಲ್ಲ ಎಂದೇ ಅರ್ಥ, ಅಂಥ ತೂತನ್ನು ಆಂಫೊಟೆರಿಸಿನ್‌ನ ಖಾಲಿ ಕೋಶವೆಂದು ಎಣಿಸಬೇಡಿ. ಖಾಲಿ ಕೋಶದಲ್ಲಿ ಭಿತ್ತಿಯ ಒಳಗೆ ರಾಳ ತುಂಬಿರುತ್ತದೆ, ಪೊರೆಯ ಚೂರುಗಳು ಉಳಿದಿರುತ್ತವೆ.

ಭಿತ್ತಿಯ ದಪ್ಪದ ಅಳತೆ: ಓರೆಯಾಗಿ ಕತ್ತರಿಸಿದ ಕೋಶದಲ್ಲಿ ಯಾವ ಭಿತ್ತಿಯೂ ದಪ್ಪವಾಗಿಯೇ ಕಾಣುತ್ತದೆ. ಪೊರೆಯ ಎರಡು ಕಪ್ಪು ಗೆರೆ, ನಡುವಿನ ಬಿಳಿ ಗೆರೆ ಸುತ್ತಲೂ ಚೂಪಾಗಿ ಕಾಣುವ ಕೋಶಗಳನ್ನಷ್ಟೇ ಆರಿಸಿಕೊಳ್ಳಿ. ಪೊರೆಗೆ ಲಂಬವಾಗಿ ಅಳೆಯಿರಿ, ಮೊಗ್ಗಿನ ಕುತ್ತಿಗೆ ಮತ್ತು ಗಾಯದ ಗುರುತು ಬಿಡಿ. ತಿಳಿಯಾದ ಒಳಪದರ, ಕಪ್ಪಾದ ಹೊರಪದರ ಎರಡನ್ನೂ ಬೇರೆ ಬೇರೆ ಬರೆಯಿರಿ. ಕ್ಯಾಸ್ಪೊಫಂಜಿನ್‌ನಲ್ಲಿ ಒಳಪದರವೊಂದೇ ಬದಲಾಗಿ ಒಟ್ಟು ದಪ್ಪ ಅಷ್ಟೇ ಇರಬಹುದು. ಫ್ಲುಕೊನಜೋಲ್‌ನ ಭಿತ್ತಿ ಏರುಪೇರಾಗಿರುವುದರಿಂದ ಅದಕ್ಕೆ ಸರಾಸರಿಯ ಜೊತೆ, ಒಂದೇ ಕೋಶದೊಳಗಿನ ಅತಿ ದಪ್ಪ ಮತ್ತು ಅತಿ ತೆಳು ಜಾಗದ ವ್ಯತ್ಯಾಸವನ್ನೂ ಕೊಡಿ. ಕೋಶಕ್ಕೆ ಎಂಟು ಕಡೆ, ಫ್ಲಾಸ್ಕ್‌ಗೆ ಕನಿಷ್ಠ 30 ಕೋಶ, ಔಷಧಕ್ಕೆ ಬೇರೆ ಬೇರೆ ದಿನದ ಮೂರು ಫ್ಲಾಸ್ಕ್. ಅಳೆಯುವವರಿಗೆ ಯಾವುದು ಯಾವ ಔಷಧ ಎಂದು ತಿಳಿಯದಂತೆ ಕಡತಗಳಿಗೆ ಸಂಕೇತ ಹಾಕಿಡಿ. ಅಂಕಿಅಂಶದ ಪರೀಕ್ಷೆಗೆ ಇಡಬೇಕಾದದ್ದು ಫ್ಲಾಸ್ಕ್‌ಗಳ ಸರಾಸರಿ. ಒಂದು ಫ್ಲಾಸ್ಕ್‌ನ 30 ಕೋಶಗಳನ್ನು 30 ಸ್ವತಂತ್ರ ಪ್ರಯೋಗವೆಂದು ಎಣಿಸಿದರೆ ಸಣ್ಣ ವ್ಯತ್ಯಾಸವೂ ದೊಡ್ಡದಾಗಿ ಕಾಣುತ್ತದೆ.